ಹಗ್ಗದ ಇನ್ನೊಂದು ತುದಿ

ಜನವರಿ ೬, ಸೋಮವಾರ

ಗಂಟಲ ಡಾಕ್ಟರ್ ಕೃಪಾ ಅವರು ಇವತ್ತು ನನ್ನ ಬಾಯಿಗೆ ಬೀಗ ಹಾಕಿದರು. ಮೂಗಿನೊಳಗಿಂದ ತೆಳ್ಳನೆಯ ಕೊಳವೆ ಇಳಿಸಿ, ಟೀವಿಯ ಮೇಲೆ ನನ್ನ ಗಂಟಲನ್ನೇ ನನಗೆ ತೋರಿಸಿದರು. ಎರಡು ಬಿಳಿಯ ಎಳೆಗಳು, ಅವುಗಳ ಅಂಚಿನಲ್ಲಿ ಜೋಳದ ನುಚ್ಚಿನಂಥ ಎರಡು ಗಂಟು.

"ಏನ್ ಕೆಲಸ ಮಾಡ್ತೀರ?" ಎಂದರು.

"ಕೂಗ್ತೀನ್ರಿ" ಎಂದೆ.

"ಕೂಗೋದೇ ಕೆಲಸಾನಾ?" ಎಂದು ನಕ್ಕರು. ಆಮೇಲೆ ನಗಲಿಲ್ಲ. ಮೂರು ವಾರ ಒಂದು ಮಾತೂ ಆಡುವಂತಿಲ್ಲ. ಪಿಸುಗುಟ್ಟುವುದಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದಂತೆ. ಕೇಳದಿದ್ದರೆ ಆಪರೇಷನ್. ಆಪರೇಷನ್ ಆದ ಮೇಲೆ ದನಿ ಹೇಗಿರುತ್ತದೋ ಅವರೂ ಹೇಳಲಾರರು.

ಕೂಗುವುದೇ ಕೆಲಸ, ಹೌದು. ಪೀಣ್ಯದಲ್ಲಿ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಲೇತು, ಪ್ರೆಸ್ಸು ಸಾಗಿಸುವ ಗ್ಯಾಂಗು ನಮ್ಮದು. ಕ್ರೇನ್ ನುಗ್ಗಲಾರದ ಸಂದಿಗಳಿಗೆ ನಮ್ಮನ್ನು ಕರೆಯುತ್ತಾರೆ. ಮಷಿನ್ನಿನ ಅಡಿಗೆ ಕಬ್ಬಿಣದ ಪೈಪು ಜೋಡಿಸಿ, ಅದರ ಮೇಲೆ ಉರುಳಿಸಿಕೊಂಡು, ಹುಡುಗರು ಮುಂದಿನಿಂದ ಹಗ್ಗ ಹಿಡಿದು ಎಳೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ಕೂಗು ಕೊಡುತ್ತೇನೆ. ನಾನೊಂದು ಸಾಲು ಅಂದರೆ ಅವರು "ಹೈಸಾ" ಅನ್ನುತ್ತಾರೆ. ಆಗ ಎಲ್ಲರ ಕೈಯೂ ಒಂದೇ ಕೈಯಾಗಿ ಐದು ಟನ್ನಿನ ಕಬ್ಬಿಣ ಒಂದು ಗೇಣು ಸರಿಯುತ್ತದೆ. ಸಾಲುಗಳನ್ನು ಆಗಿಂದಾಗ ಕಟ್ಟುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಹಗ್ಗ ಮುಟ್ಟಿಲ್ಲ. ಮುಟ್ಟುವ ಅಗತ್ಯ ಬಿದ್ದಿಲ್ಲ.

ಹೇಳಬೇಕಾದ್ದನ್ನು ಬರೆದು ತೋರಿಸಲಿ ಎಂದು ಗ್ಯಾಂಗಿನ ಬಸು ಈ ನೋಟ್‌ಬುಕ್ ತಂದುಕೊಟ್ಟ. ಬರೆದು ಮುಗಿಸುವಷ್ಟರಲ್ಲಿ ಮಾತು ಆರಿಹೋಗಿರುತ್ತದೆ. "ಕಾಕಾ, ನಾವು ಮುಂದಿನ ಸುದ್ದಿಗೆ ಹೋಗೇವಿ" ಅಂತಾನೆ. ಹಾಗಾಗಿ ಇದು ಯಾರಿಗೂ ತೋರಿಸದ ನೋಟ್‌ಬುಕ್ ಆಯಿತು.

ಜನವರಿ ೭, ಮಂಗಳವಾರ

ದಿನಾ ಸಂಜೆ ಏಳಕ್ಕೆ ಸಿದ್ದಕ್ಕನ ಫೋನು ಬರುತ್ತದೆ. ಅವಳು ನನ್ನ ಹೆಂಡತಿ, ಇಂಡಿ ತಾಲೂಕಿನ ತವರಿನಲ್ಲಿದ್ದಾಳೆ. ಅವಳ ತಾಯಿಗೆ ಕಣ್ಣು ಕಾಣುವುದಿಲ್ಲ, ಬಿಟ್ಟು ಬರುವ ಹಾಗಿಲ್ಲ. ಫೋನಿನಲ್ಲಿ ಇಷ್ಟು ವರ್ಷವೂ ನಡೆದದ್ದು ಹೀಗೆ: ನಾನು ಮಾತಾಡುವುದು, ಅವಳು "ಹೂಂ" ಅನ್ನುವುದು. ಯಾವ ಶೆಡ್ಡು, ಯಾವ ಮಷಿನ್ನು, ಯಾವ ಸಾಲಿಗೆ ಯಾರು ಬಿದ್ದು ಬಿದ್ದು ನಕ್ಕರು, ಎಲ್ಲ ಹೇಳುತ್ತೇನೆ. "ನಿನಗ ಹೂಂ ಬಿಟ್ಟು ಬ್ಯಾರೆ ಮಾತಽ ಬರಂಗಿಲ್ಲೇನು?" ಎಂದು ಕಾಡಿಸುತ್ತೇನೆ. ಅದಕ್ಕೂ "ಹೂಂ" ಅಂತಾಳೆ.

ಗಂಟಲ ವಿಷಯವನ್ನು ಮೇಸ್ತ್ರಿ ಸಂಗಣ್ಣ ಅವಳಿಗೆ ಮೊದಲೇ ತಿಳಿಸಿದ್ದ. ಇವತ್ತು ಫೋನೆತ್ತಿ ಕಿವಿಗಿಟ್ಟುಕೊಂಡೆ. ಅತ್ತ ಅವಳೂ ಸುಮ್ಮನೆ, ಇತ್ತ ನಾನೂ ಸುಮ್ಮನೆ. ಅಲ್ಲಿ ಎಮ್ಮೆ ಒಂದು ಸಲ ಕೂಗಿತು. ಕೊನೆಗೆ ಅವಳೇ ಅಂದಳು: "ಹಿಂಗ ಮಾಡ್ರಿ. ಹೌದಂದ್ರ ಒಮ್ಮೆ ಫೋನು ತಟ್ರಿ. ಅಲ್ಲಂದ್ರ ಎರಡು ಸಲ. ಊಟಾತೇನು?"

ಒಮ್ಮೆ ತಟ್ಟಿದೆ.

"ಗಂಟಲು ಬಾಳ ನೋಯ್ತೈತೇನು?"

ಎರಡು ಸಲ ತಟ್ಟಿದೆ.

"ಸುಳ್ಳು" ಎಂದು ಇಟ್ಟುಬಿಟ್ಟಳು.

ನಮ್ಮಜ್ಜ ಹೂಂಗುಟ್ಟುವವರಿಲ್ಲದೆ ಕತೆ ಹೇಳುತ್ತಿರಲಿಲ್ಲ. ನಾವು ಮೊಮ್ಮಕ್ಕಳು ನಿದ್ದೆಗೆ ಜಾರಿ ಹೂಂ ನಿಂತರೆ ರಾಜಕುಮಾರ ಬಾವಿಯೊಳಗೆ ಅರ್ಧಕ್ಕೇ ನೇತಾಡಬೇಕಾಗಿತ್ತು, ಮರುದಿನದ ತನಕ. "ಹೂಂ ಇಲ್ದ ಕತಿ ನಾಯಿಗೂ ಬ್ಯಾಡ" ಅನ್ನುತ್ತಿದ್ದ. ಇವತ್ತು ಯಾಕೋ ಅದು ನೆನಪಾಯಿತು.

ಜನವರಿ ೯, ಗುರುವಾರ

ಮೂಗನಾದವನು ಕಿವುಡನೂ ಆಗಿದ್ದಾನೆಂದು ಲೋಕ ತಿಳಿಯುತ್ತದೆ. ಟೀ ಅಂಗಡಿಯವನು ನನ್ನ ಮುಖದ ಹತ್ತಿರ ಬಂದು "ಅಣ್ಣಾ! ಸಕ್ಕರೆ! ಹಾಕ್ಲಾ!" ಎಂದು ಕಿರುಚಿದ. ಅವನ ಗಂಟಲಿಗೂ ಗಂಟು ಬರಲಿ.

ಕೆಲಸಕ್ಕೆ ಹೋಗಿದ್ದೆ. ಕೂಗು ಇಲ್ಲದೆ ಹುಡುಗರು ಅರ್ಧ ಮನಸ್ಸಿನಿಂದ ಎಳೆದರು. ಒಬ್ಬನ ಹೈಸಾ ಮುಂದೆ, ಇನ್ನೊಬ್ಬನದು ಹಿಂದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಂಗಣ್ಣ ಮೆಲ್ಲಗೆ ಕೇಳಿದ: "ಚನಬಸಣ್ಣ, ತಪ್ಪ ತಿಳಕೋಬ್ಯಾಡ. ದನಿ ಬರಲಿಲ್ಲಂದ್ರ ನೀ ಏನ್ ಮಾಡ್ತಿ? ಐವತ್ತು ದಾಟ್ಯಾವ. ಮುಂದಿನ ಹಗ್ಗಕ್ಕ ನಿನ್ನ ನಡ ತಾಳಂಗಿಲ್ಲ." ನಾನು ಬರೆಯಲು ನೋಟ್‌ಬುಕ್ ತೆಗೆದೆ. ಪೆನ್ನಿನ ಕ್ಯಾಪು ಬಿಚ್ಚುವಷ್ಟರಲ್ಲಿ ಅವನೇ ಮುಂದುವರಿಸಿದ.

"ಹಿಂದಿನ ಹಗ್ಗ ಹಿಡಿ ಸದ್ಯಕ್ಕ" ಎಂದ. ಇಳಿಜಾರಿನಲ್ಲಿ ಮಷಿನ್ನು ತಾನಾಗಿ ಜಾರದಿರಲಿ ಎಂದು ಹಿಂದೊಂದು ಹಗ್ಗ ಕಟ್ಟಿ ಒಬ್ಬ ಹಿಡಿದಿರುತ್ತಾನೆ. ಹಿಂದಿನ ಹಗ್ಗ ಎಂದರೆ ಗ್ಯಾಂಗಿನಲ್ಲಿ ಪಿಂಚಣಿ ಇದ್ದ ಹಾಗೆ. ಜ್ವರ ಬಂದವರಿಗೆ, ಹೊಸಬರಿಗೆ ಅದನ್ನು ಕೊಡುತ್ತಾರೆ.

ಬಸು ಆಗ ಫೋನು ತೆಗೆದು ಕುಣಿದ. "ಕಾಕಾನ ಕೂಗು ನನ್ನ ಹತ್ರ ಐತಿ! ದಸರಾದಾಗ ವಿಡಿಯೊ ಮಾಡಿದ್ನಿ!" ಒಂದು ಬ್ಲೂಟೂತ್ ಸ್ಪೀಕರಿಗೆ ಸೇರಿಸಿ ಹಾಕಿದ. ಶೆಡ್ಡು ತುಂಬ ನನ್ನ ದನಿ.

ರೊಟ್ಟಿ ಚಟ್ನಿ ತಿಂದವರೇ — ಹೈಸಾ!
ಪೀಣ್ಯದ ಧೂಳಾ ಕುಡದವರೇ — ಹೈಸಾ!
ಬಾ ನನ್ನ ಕರಿಯಾ ಬಂಗಾರಾ — ಹೈಸಾ!
ಹೊಸ ಮನಿ ಐತಿ ತಯ್ಯಾರಾ — ಹೈಸಾ!

ಕರಿಯ ಬಂಗಾರ ಅಂದರೆ ಲೇತು. ಹುಡುಗರು ಕುಣಿದು ಎಳೆದರು. ಕೆಲಸ ಬೇಗ ಮುಗಿಯಿತು. "ನೋಡು, ನೀ ಮನ್ಯಾಗ ಮಲಗಿದ್ರೂ ನಿನ್ನ ಡ್ಯೂಟಿ ನಡೀತೈತಿ" ಎಂದು ಸಂಗಣ್ಣ ಬೆನ್ನು ತಟ್ಟಿದ. ನಗಬೇಕಾಗಿತ್ತು. ನಕ್ಕೆ. ಪೈಪು ಜೋಡಿಸುವ ಇರಣ್ಣ ಮಾತ್ರ ನಗಲಿಲ್ಲ. ಅವನು ಯಾವುದಕ್ಕೂ ನಗುವುದಿಲ್ಲ, ಮಾತೂ ಕಡಿಮೆ. ಅವನನ್ನು ನಾನು ಲೆಕ್ಕಕ್ಕಿಟ್ಟಿಲ್ಲ.

ನನ್ನ ಕೋಣೆಯ ಒಲೆಯ ಮೇಲಿನ ಗೋಡೆಯಲ್ಲಿ ಒಂದು ಮರದ ಫಲಕವಿದೆ. ಹೋದ ಆಯುಧಪೂಜೆಗೆ ಒಬ್ಬ ಶೆಡ್ಡಿನ ಸಾಹುಕಾರರು ಶಾಲು ಹೊದಿಸಿ ಕೊಟ್ಟದ್ದು. "ತಮ್ಮ ಕಂಠದಿಂದ ಕಾರ್ಮಿಕರನ್ನು ಹುರಿದುಂಬಿಸುವ ಶ್ರೀ ಚನಬಸಪ್ಪ ಅವರಿಗೆ." ಅವತ್ತು ಬಸು ಅದನ್ನು ಓದಿ, "ಹುರಿದುಂಬಿಸೋದು ಅಂದ್ರೇನು ಕಾಕಾ? ಹುರದು ತುಂಬೋದಾ? ಬದ್ನಿಕಾಯಿ ಹಂಗ?" ಎಂದಿದ್ದ. ಕತೆಗಾರನಿಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ. ಹುರಿಮೀಸೆಯ ದುಂಬಿಯೊಂದಿತ್ತು, ಅದು ಸೋತ ಸೈನಿಕರ ಕಿವಿಯಲ್ಲಿ ಗುಂಯ್‌ಗುಟ್ಟಿ ಯುದ್ಧ ಗೆಲ್ಲಿಸಿತು, ಅಲ್ಲಿಂದ ಆ ಮಾತು ಬಂತು ಎಂದು ಅಲ್ಲೇ ಹೊಸೆದು ಹೇಳಿದ್ದೆ. ಎಲ್ಲರೂ ನಂಬಿದರು. ಈಗ ಆ ದುಂಬಿ ಬಸುವಿನ ಫೋನಿನಲ್ಲಿ ಸೇರಿಕೊಂಡಿದೆ.

ಜನವರಿ ೧೨, ಭಾನುವಾರ

ರಜೆ. ಬಟ್ಟೆ ಒಗೆದೆ. ಸೊಲ್ಲಿಲ್ಲದ ಕೋಣೆಯಲ್ಲಿ ಪಾತ್ರೆ ಬಿದ್ದರೂ ನೆಂಟರು ಬಂದಂತಾಗುತ್ತದೆ.

ಹನ್ನೊಂದರ ಹೊತ್ತಿಗೆ ಮನೆ ಓನರ್ ತಾಯಿ ಬೈರಮ್ಮ ಬಾಗಿಲು ಬಡಿದಳು. ಈ ಸುತ್ತಿನಲ್ಲಿ ರಾಗಿ ಬೆಳೆಯುತ್ತಿದ್ದಾಗ ಬಂದ ಸೊಸೆ ಅವಳು. ಹೊಲವೆಲ್ಲ ಶೆಡ್ಡಾದರೂ ಒಂದು ಹಸುವನ್ನು ಬಿಟ್ಟಿಲ್ಲ. ವಠಾರದ ಹಿಂದೆ, ಪೌಡರ್ ಕೋಟಿಂಗ್ ಶೆಡ್ಡಿನ ಗೋಡೆಗೆ ಒತ್ತಿ ಅದರ ಕೊಟ್ಟಿಗೆ.

"ಏನಪ್ಪಾ ಚನಬಸಪ್ಪಾ, ಬಾ ಇಲ್ಲಿ. ಬಾಯಿ ಓದ್ರೆ ಓಗ್ಲಿ, ಕೈ ಐತಲ್ಲ. ಸಂಕ್ರಾಂತಿಗೆ ಅಸುಗೆ ಒಸ ಅಗ್ಗ ಬೇಡ್ವಾ? ನನ್ ಮಗ ಅಂಗಡೀಲಿ ತರ್ತೀನಿ ಅಂತಾನೆ. ಅಂಗಡಿ ಅಗ್ಗ ಕಟ್ಟಿ ಅಬ್ಬ ಮಾಡಕಾಯ್ತದಾ?"

ಮೊದಲು ಕತ್ತಾಳೆ ನಾರಿನಿಂದ ಹೊಸೆಯುತ್ತಿದ್ದರಂತೆ. ಈಗ ಕತ್ತಾಳೆ ಎಲ್ಲಿ? ಫ್ಯಾಕ್ಟರಿಯಿಂದ ಬಂದ ಪ್ಲಾಸ್ಟಿಕ್ ಚೀಲಗಳನ್ನು ಎಳೆ ಎಳೆಯಾಗಿ ಬಿಡಿಸಿ ಕಟ್ಟು ಮಾಡಿಟ್ಟಿದ್ದಳು. ಮರದ ಹಿಡಿಗೆ ಸಿಕ್ಕಿಸಿದ ಕಬ್ಬಿಣದ ಕೊಕ್ಕೆಯೊಂದಕ್ಕೆ ಎಳೆಗಳ ಒಂದು ತುದಿ ಕಟ್ಟಿದಳು, ಇನ್ನೊಂದು ತುದಿಯನ್ನು ನನ್ನ ಮುಷ್ಟಿಗಿಟ್ಟು ಗಲ್ಲಿಯ ಆ ಕೊನೆಗೆ ಕಳಿಸಿದಳು. ತಾನು ಕೊಕ್ಕೆ ತಿರುಗಿಸತೊಡಗಿದಳು.

ಹಿಡಿದು ನಿಲ್ಲುವುದರಲ್ಲಿ ಏನಿದೆ ಎಂದು ನಾನು ಅತ್ತ ಇತ್ತ ನೋಡುತ್ತಿದ್ದೆ. ಕೈ ಕೊಂಚ ಸಡಿಲವಾದದ್ದೇ ತಡ, ಎಳೆ ಹಾವಿನಂತೆ ಸುತ್ತಿಕೊಂಡು ನಡುವೆ ಗಂಟುಬಿತ್ತು.

"ಸಡ್ಲ ಬಿಟ್ಯಲ್ಲೋ! ನಿದ್ದೆ ಮಾಡ್ತಿದ್ಯಾ ನಿಂತ್ಕಂಡು?"

ಬಿಡಿಸಿದೆವು. ಎರಡನೇ ಸಲ ಹಟದಿಂದ ಬಿಗಿಯಾಗಿ ಜಗ್ಗಿ ನಿಂತೆ. ಎಳೆ ಪಟ್ಟೆಂದು ಹರಿಯಿತು.

"ಯಾರ್ ಮ್ಯಾಲೆ ಸಿಟ್ಟು ನಿಂಗೆ? ಎಳೀಬ್ಯಾಡ. ತಿರುವ್ದಂಗೆಲ್ಲ ಅದು ಗಿಡ್ಡಾಯ್ತದೆ, ನಿನ್ನ ಕರೀತದೆ. ಕರೆದಷ್ಟು ಮುಂದಕ್ ಬಾ. ಕರಿಯಕ್ ಮುಂಚೆ ಬರಬ್ಯಾಡ. ತಿರುವೋದು ಮಕ್ಳೂ ತಿರುವ್ತಾವೆ. ಇಡ್ಕಳೋರು ಸಿಗಲ್ಲ ನೋಡು."

ಮೂರನೆಯ ಸಲ ಕಣ್ಣು ಮುಚ್ಚಿದೆ. ಮುಷ್ಟಿಯೊಳಗೆ ಸಣ್ಣ ನಡುಕ ಶುರುವಾಯಿತು. ಅವಳು ಅಲ್ಲಿ ತಿರುಗಿಸಿದ್ದೆಲ್ಲ ಇಲ್ಲಿ ನನ್ನ ಬೆರಳಿಗೆ ಬರುತ್ತಿತ್ತು. ಎಳೆ ಮೆಲ್ಲಗೆ ಜಗ್ಗಿತು. ಅರ್ಧ ಹೆಜ್ಜೆ ಮುಂದೆ ಹೋದೆ. ಮತ್ತೆ ಜಗ್ಗಿತು. ಗಲ್ಲಿಯ ಆ ಕೊನೆಯಲ್ಲಿದ್ದವನು ಎಷ್ಟು ಹೊತ್ತಿಗೋ ಬೈರಮ್ಮನ ಕಡೆಗೆ ಹತ್ತು ಹೆಜ್ಜೆ ಬಂದಿದ್ದೆ. ಅವಳು ಎಳೆಯನ್ನು ಬೆರಳಿನಿಂದ ಮೀಟಿದಳು. ಅದು ಟಣ್ಣೆಂದಿತು.

"ಈಗ ಉರಿ ತುಂಬ್ತು ನೋಡು" ಎಂದಳು. ಬೈರಮ್ಮನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹುರಿ ತುಂಬಿತು ಎಂದಳು. ಹುರಿ ತುಂಬದ ಎಳೆ ಎಷ್ಟಿದ್ದರೂ ಬರಿಯ ಎಳೆ, ಹುರಿ ತುಂಬಿದ ಮೂರು ಎಳೆ ಸೇರಿದರೆ ಹಸುವನ್ನೇ ನಿಲ್ಲಿಸುತ್ತದಂತೆ.

ನಾನು ನನ್ನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಒಳಗೆ ಓಡಿ ಫಲಕ ತಂದು ಆ ಪದಕ್ಕೆ ಬೆರಳಿಟ್ಟು ತೋರಿಸಿದೆ. "ಓದಾಕ್ ಬರಲ್ಲ ಕಣಪ್ಪ. ದೇವ್ರ ಪಟವಾ?" ಎಂದು ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟಳು.

ಪಂಡಿತರು ಏನನ್ನುತ್ತಾರೋ ನನಗೆ ತಿಳಿಯದು. ನನಗಂತೂ ದುಂಬಿ ಹಾರಿಹೋಯಿತು. ಹುರಿ ತುಂಬಿಸು, ಹುರಿದುಂಬಿಸು. ಹಾಗಾದರೆ ಕೊಕ್ಕೆ ತಿರುಗಿಸುವವನು ನಾನೆಂದಾಯಿತು. ಸಾಹುಕಾರರು ಸರಿಯಾಗೇ ಬರೆಸಿದ್ದಾರೆ. ಆ ನಡುಕ ಮಾತ್ರ ಇನ್ನೂ ಕೈಯಲ್ಲಿದೆ.

ಸಿದ್ದಕ್ಕ ಇವತ್ತು ಎಮ್ಮೆಯ ಸುದ್ದಿ ಹೇಳಿದಳು. ಪಕ್ಕದ ಮನೆಯ ಗೋಡೆ ಹಾರಿ ಅವರ ಹಪ್ಪಳ ತಿಂದಿತಂತೆ. ಎಮ್ಮೆ ಗೋಡೆ ಹಾರಿದ್ದನ್ನು ಅವಳು ಹೇಳಿದ ಬಗೆಗೆ ನಗು ಬಂತು. ನಗುವಂತೆಯೂ ಇಲ್ಲ. ಬಾಯಿಗೆ ಟವೆಲ್ ತುರುಕಿಕೊಂಡು ಒಮ್ಮೆ ತಟ್ಟಿದೆ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಹಸು ಹೊಸ ಹಗ್ಗದಲ್ಲಿ ನಿಂತಿದೆ. ಬೈರಮ್ಮ ಎಳ್ಳು ಬೆಲ್ಲ ಕೊಟ್ಟು, "ಒಳ್ಳೆ ಮಾತಾಡು ಅಂತ ನಿಂಗೆ ಎಂಗ್ ಏಳ್ಲಿ?" ಎಂದು ನಕ್ಕಳು. ಗ್ಯಾಂಗಿನವರು ಯಾರೂ ಬರಲಿಲ್ಲ. ಎಳ್ಳು ಬೆಲ್ಲ ಒಬ್ಬನೇ ತಿಂದೆ.

ಜನವರಿ ೧೬, ಗುರುವಾರ

ಸಿದ್ದಕ್ಕ ಬೈದಳು. ಬೈಯಲು ಇಷ್ಟು ವರ್ಷ ಬಿಡುವು ಸಿಕ್ಕಿರಲಿಲ್ಲವೇನೋ.

"ಒಮ್ಮೆ ನನ್ನ ಪೀಣ್ಯಕ್ಕ ಕರಕೊಂಡು ಹೋಗಿದ್ರಿ, ನೆನಪೈತೇನು? ನಿಮ್ಮ ಕೆಲಸ ತೋರಿಸ್ತೀನಂತ. ಆ ಕಬ್ಬಣಕ್ಕ 'ಬಾ ನನ್ನ ಬಂಗಾರಾ' ಅಂದ್ರಿ. ಆ ಹುಡುಗರಿಗೆ ಹುಲಿ ಅಂದ್ರಿ, ರಾಜಾ ಅಂದ್ರಿ. ಎಲ್ಲಾರೂ ಕುಣದ್ರು. ನಾ ಅತ್ನಿ. ಖುಷಿಗಿ ಅತ್ಲು ಅಂತ ನೀವು ಊರ ತುಂಬ ಹೇಳಿದ್ರಿ. ಖುಷಿಗಿ ಅಲ್ರೀ. ಅಷ್ಟು ಚಂದ ಮಾತು ನಿಮ್ಮ ಹೊಟ್ಟ್ಯಾಗ ಇದ್ದು, ಮನ್ಯಾಗ ಬರೇ 'ರೊಟ್ಟಿ ಹಾಕು, ನೀರು ಕೊಡು'. ನನ್ನ ತೂಕ ಐದು ಟನ್ನು ಇದ್ದಿದ್ರ ನನಗೂ ಅಂತಿದ್ರೇನೋ!"

ನಾನು ಒಂದು ಸಲ ತಟ್ಟಲೋ ಎರಡು ಸಲ ತಟ್ಟಲೋ ತಿಳಿಯಲಿಲ್ಲ. ಬಾಯಿ ಇದ್ದಿದ್ದರೆ ಒಂದು ಚಟಾಕಿ ಹಾರಿಸಿ ಮಾತು ತೇಲಿಸಿಬಿಡುತ್ತಿದ್ದೆ. ಅವಳೇ ಕೊನೆಗೆ, "ಇದ್ದೀರಲ್ಲ?" ಎಂದಳು. ತಟ್ಟಿದೆ.

"ಹಂ. ಇಷ್ಟು ದಿನ ಹೇಳಬೇಕಂದ್ರ ನಿಮ್ಮ ಮಾತು ನಿಂದ್ರಬೇಕಲ್ಲ" ಎಂದಳು.

ಇವತ್ತಿನ ಕರೆ ಕೊಂಚ ಉದ್ದವಾಯಿತು. ಅನ್ನ ತಳ ಹಿಡಿಯಿತು.

ಜನವರಿ ೧೮, ಶನಿವಾರ

ಹಿಂದಿನ ಹಗ್ಗವೇ ಇವತ್ತೂ. ಸ್ಪೀಕರ್ ಕೂಗುತ್ತದೆ, ಹುಡುಗರು ಎಳೆಯುತ್ತಾರೆ. ನನ್ನ ದನಿಯ ಬೆನ್ನಿನ ಹಿಂದೆ ನಾನೇ ನಿಂತಿರುತ್ತೇನೆ. ಯಾರೂ ಹಿಂದೆ ತಿರುಗಿ ನೋಡುವುದಿಲ್ಲ.



ಜನವರಿ ೨೧, ಮಂಗಳವಾರ

ಅಂಗೈ ಚರ್ಮ ಕಿತ್ತಿದೆ. ಪೆನ್ನು ಹಿಡಿಯುವುದು ಕಷ್ಟ, ಆದರೂ ಬರೆಯಬೇಕು.

ಇವತ್ತು ಪೀಣ್ಯ ಎರಡನೇ ಹಂತದಲ್ಲಿ ಒಂದು ಪ್ರೆಸ್ಸು. ಶೆಡ್ಡಿನ ಬಾಗಿಲಿನಿಂದ ರಸ್ತೆಗೆ ಇಳಿಜಾರು. ಮುಂದೆ ಸಂಗಣ್ಣ, ಬಸು, ಉಳಿದ ಹುಡುಗರು ಹಗ್ಗ ಹಿಡಿದಿದ್ದರು. ಹಿಂದೆ ನಾನು, ನನ್ನ ಹಗ್ಗಕ್ಕೆ ಬಾಗಿಲ ಕಂಬದ ಒಂದು ಸುತ್ತು. ಇರಣ್ಣ ಮಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಪೈಪು ಇಡುತ್ತಿದ್ದ. ಹಿಂದಿನಿಂದ ಹೊರಬಿದ್ದ ಪೈಪನ್ನು ಎತ್ತಿ ತಂದು ಮತ್ತೆ ಮುಂದೆ ಇಡುವುದು ಅವನ ಕೆಲಸ. ನಾನು ಕೂಗುವಾಗ ಅವನ ಕೈ ಹೊರಗೆ ಬರುವ ತನಕ ಸಾಲನ್ನು ಎಳೆದು ಎಳೆದು ಹಾಡುತ್ತೇನೆ. ಕೈ ಹೊರಬಂದ ಮೇಲೆಯೇ ಹೈಸಾಕ್ಕೆ ಬಿಡುತ್ತೇನೆ. ಯಾರೂ ಕಲಿಸಿದ್ದಲ್ಲ, ಹಾಗೇ ನಡೆದು ಬಂದದ್ದು. ನಾನೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಸ್ಪೀಕರಿಗೆ ಕಣ್ಣಿಲ್ಲ. ದಸರಾದ ದಿನ ಎಷ್ಟು ಹೊತ್ತಿಗೆ ಹೈಸಾ ಬಂದಿತ್ತೋ ಅಷ್ಟು ಹೊತ್ತಿಗೇ ಬರುತ್ತದೆ.

ಪೈಪೊಂದು ಓರೆಯಾಯಿತು. ಸರಿಮಾಡಲು ಇರಣ್ಣ ಮೊಣಕೈವರೆಗೆ ಕೈ ಒಳಗೆ ಹಾಕಿದ. "ಬಾ ನನ್ನ ಕರಿಯಾ ಬಂಗಾರಾ" ಎಂದಿತು ನನ್ನ ದನಿ. ಮುಂದಿನವರು ಬೆನ್ನು ತಿರುಗಿಸಿ ಹೆಗಲಿಗೆ ಹಗ್ಗ ಹಾಕಿಕೊಂಡಿದ್ದರು, ಯಾರಿಗೂ ಕಾಣುತ್ತಿರಲಿಲ್ಲ. ನಾನು ಕೂಗಿದೆ. ಡಾಕ್ಟರು, ಬೀಗ, ಗಂಟು ಯಾವುದೂ ನೆನಪಿರಲಿಲ್ಲ, ಜೀವಮಾನದಲ್ಲಿ ಕೂಗದಷ್ಟು ಜೋರಾಗಿ "ತಡೀ!" ಎಂದು ಕೂಗಿದೆ. ಬಂದದ್ದು ಬರಿಯ ಗಾಳಿ. ಒಡೆದ ಕೊಳವೆಯ ಸದ್ದು. ಅದರ ಮೇಲೆ ನನ್ನದೇ ದನಿ ಶೆಡ್ಡು ಅದುರುವಂತೆ ಹಾಡುತ್ತಿತ್ತು. ನನ್ನನ್ನು ನಾನೇ ಮುಚ್ಚಿಹಾಕಿದೆ.

ಹೈಸಾ ಬಂತು. ಎಳೆದರು. ಹಗ್ಗ ನನ್ನ ಮುಷ್ಟಿಯಲ್ಲಿ ನಡುಗಿತು. ಆ ನಡುಕ ನನಗೆ ಗೊತ್ತಿತ್ತು. ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಂಬಕ್ಕೆ ಇನ್ನೊಂದು ಸುತ್ತು ಹಾಕಿ, ನೆಲಕ್ಕೆ ಕುಳಿತು, ಎರಡೂ ಕಾಲನ್ನು ಕಂಬಕ್ಕೆ ಒದ್ದು ಹಿಂದಕ್ಕೆ ಬಿದ್ದೆ. ಹಗ್ಗ ಟಣ್ಣೆಂದಿತು. ಮಷಿನ್ನು ನಿಂತಿತು. ಎಂದೂ ಹೀಗೆ ನಿಲ್ಲದ ಭಾರ ನಿಂತದ್ದಕ್ಕೆ ಬಸು ಮುಗ್ಗರಿಸಿ ಹಿಂದೆ ತಿರುಗಿ ನೋಡಿದ. ನೋಡಿದವನೇ ಚೀರಿದ.

ಇರಣ್ಣನ ಕೈ ಹೊರಬಂತು. ಎಡಗಾಲ ಚಪ್ಪಲಿ ಪೈಪಿನ ಅಡಿ ಉಳಿಯಿತು. ಕಾಗದದಷ್ಟು ತೆಳ್ಳಗೆ.

ಸ್ಪೀಕರ್ ಇನ್ನೂ "ಹೊಸ ಮನಿ ಐತಿ ತಯ್ಯಾರಾ" ಅನ್ನುತ್ತಿತ್ತು. ಬಸು ಅಳುತ್ತ ಅದನ್ನು ಆರಿಸಿದ.

ಸಿದ್ದಕ್ಕನ ಫೋನು ಬಂತು. ತಟ್ಟಲು ಬೆರಳು ಏಳಲಿಲ್ಲ. ಅವಳು ಏನನ್ನೂ ಕೇಳಲಿಲ್ಲ. "ಇರ್ಲಿ, ಫೋನು ಇಡಬ್ಯಾಡ್ರಿ" ಎಂದಳು. ಅಲ್ಲಿ ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತ ಕುಳಿತೆ.

ಜನವರಿ ೨೨, ಬುಧವಾರ

ಬೆಳಿಗ್ಗೆ ಇರಣ್ಣ ಬಂದಿದ್ದ. ಹೊಸ ಚಪ್ಪಲಿ ಹಾಕಿಕೊಂಡಿದ್ದ. ಬಂದು ಗೋಡೆಗೆ ಒರಗಿ ಕುಳಿತ. ನಾನೂ ಮೂಗ, ಅವನೂ ಹೆಚ್ಚುಕಡಿಮೆ ಮೂಗ. ಚಹಾ ಕುಡಿದೆವು. ನನ್ನ ಅಂಗೈಗೆ ಅರಿಸಿನ ಎಣ್ಣೆ ಹಚ್ಚಿದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನೀವು ಕೂಗುವಾಗ ನನ್ನ ಕೈ ನೋಡಿ ಕೂಗ್ತಿದ್ರಿ. ನನಗ ಗೊತ್ತಿತ್ತು" ಎಂದ.

ಎಷ್ಟು ವರ್ಷದಿಂದ ಜೊತೆಗಿದ್ದಾನೆ. ಅವನ ದನಿ ಅಷ್ಟು ಚೆನ್ನಾಗಿದೆಯೆಂದು ನಾನು ಗಮನಿಸಿರಲಿಲ್ಲ.

ಜನವರಿ ೨೪, ಶುಕ್ರವಾರ

ಇನ್ನು ಸ್ಪೀಕರ್ ಬೇಡ ಎಂದು ಸಂಗಣ್ಣ ಹೇಳಿದ. ಹಾಗಾದರೆ ಕೂಗುವವರು ಯಾರು? ಬಸು ನಾಚಿಕೊಂಡ, ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಇರಣ್ಣನ ಹೆಗಲ ಮೇಲೆ ಕೈಯಿಟ್ಟೆ.

"ಇವಂಗಾ? ಇವ ಕೂಗಿದ್ರ ಮಷಿನ್ ಮಲಗ್ತೈತಿ!" ಎಂದ ಸಂಗಣ್ಣ.

ಪೈಪಿಗೆ ಬಸು ಕುಳಿತ. ಇರಣ್ಣ ಬದಿಗೆ ನಿಂತ. ಅವನಿಗೆ ಸಾಲು ಕಟ್ಟಲು ಬರುವುದಿಲ್ಲ. ಬಂಗಾರವಿಲ್ಲ, ಹುಲಿಯಿಲ್ಲ. ಬರಿಯ ಹೆಸರು ಕೂಗಿದ. "ಸಂಗಣ್ಣಾ..." ಹೈಸಾ. ಬಸುವಿನ ಕೈ ಹೊರಬರುವ ತನಕ ಕಾದು, "ಬಸೂ..." ಹೈಸಾ. ಹೀಗೇ ಒಬ್ಬೊಬ್ಬರದು. ನಾನು ಹಿಂದೆ ಹಗ್ಗ ಹಿಡಿದು ನೆಲ ನೋಡುತ್ತಿದ್ದೆ. ಆಗ "ಚನಬಸಣ್ಣಾ..." ಎಂದು ಕೇಳಿಸಿತು.

ಇಷ್ಟು ವರ್ಷ ಎಲ್ಲರನ್ನೂ ಕೂಗಿದ್ದೇನೆ. ಯಾರೂ ನನ್ನನ್ನು ಕೂಗಿರಲಿಲ್ಲ. ನನ್ನ ಹೆಸರಿಗೆ ಅವರೆಲ್ಲ ಹೈಸಾ ಎಂದು ಎಳೆದಾಗ ಹಗ್ಗ ನನ್ನನ್ನು ಅರ್ಧ ಹೆಜ್ಜೆ ಮುಂದೆ ಕರೆಯಿತು. ಹೋದೆ.

ಕಣ್ಣಿಗೆ ಧೂಳು ಬಿದ್ದಿತ್ತು.

ಜನವರಿ ೨೬, ಭಾನುವಾರ

ಸಿದ್ದಕ್ಕ ಎರಡು ದಿನದಿಂದ ಒಂದು ಕತೆ ಹೇಳುತ್ತಿದ್ದಾಳೆ. ಯಾರಿಂದ ಕೇಳಿದಳೋ, ತಾನೇ ಕಟ್ಟಿದಳೋ. ಒಂದೂರಲ್ಲಿ ಒಬ್ಬ ಬಾಳ ಮಾತುಗಾರ. ಅವನ ಮಾತೆಲ್ಲ ಗಡಿಗೆಯಲ್ಲಿ ತುಂಬಿಡುವುದು ಅವನ ಹೆಂಡತಿಯ ಕೆಲಸ. ಜೋಳದ ಗಡಿಗೆ, ಉಪ್ಪಿನ ಗಡಿಗೆ, ಮಜ್ಜಿಗೆ ಗಡಿಗೆ ಎಲ್ಲ ತುಂಬಿತು. ಅವಳ ಮಾತಿಗೆ ಮನೆಯಲ್ಲಿ ಒಂದು ಕುಡಿಕೆಯೂ ಉಳಿಯಲಿಲ್ಲ. ಆಗ ಅವಳು ತನ್ನ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಷ್ಟರಲ್ಲಿ ಸಿದ್ದಕ್ಕನ ತಾಯಿ ನೀರು ಕೇಳಿದರು. "ಉಳದದ್ದು ನಾಳೆ" ಎಂದಳು.

ಗಂಟಿನಲ್ಲಿ ಏನಿತ್ತು? ಅನ್ನ ಇಳಿಯಲಿಲ್ಲ. ನಮ್ಮಜ್ಜನೂ ಹೀಗೆ ಕಾಡಿಸುತ್ತಿದ್ದ.

ಜನವರಿ ೨೭, ಸೋಮವಾರ

ಡಾಕ್ಟರ್ ಕೊಳವೆ ಇಳಿಸಿ ನೋಡಿದರು. "ಕೂಗಿದ್ರಾ ಮಧ್ಯದಲ್ಲಿ?" ಎಂದರು. ಮೇಜನ್ನು ಒಮ್ಮೆ ತಟ್ಟಿದೆ. ಅವರಿಗೆ ಆ ಲೆಕ್ಕ ಎಲ್ಲಿ ಗೊತ್ತು? ಅಂಗೈಯ ಗಾಯ ನೋಡಿದರು, ಬೈಯಲಿಲ್ಲ.

ಗಂಟು ಚಿಕ್ಕದಾಗಿದೆಯಂತೆ. ಮಾತು ಬರುತ್ತದೆ, ಒರಟಾಗಿ, ಸಣ್ಣಗೆ. ಕೂಗು ಇನ್ನು ಇಲ್ಲ. "ಕೂಗೋ ಕೆಲಸ ಮರೆತುಬಿಡಿ" ಎಂದರು. ಕೇಳಿದರೆ ಎದೆ ಒಡೆಯುತ್ತದೆಂದು ಮೂರು ವಾರದಿಂದ ಹೆದರಿದ್ದ ಮಾತು ಅದು. ಕೇಳಿ ಹೊರಬಂದೆ, ಬಸ್ಸಿನಲ್ಲಿ ಕುಳಿತೆ. ನಾಳೆಯ ಕೆಲಸಕ್ಕೆ ಹಿಂದಿನ ಹಗ್ಗ ಸವೆದಿದೆ, ಬೈರಮ್ಮನನ್ನು ಕೇಳಿ ಒಂದು ಗಟ್ಟಿ ಹಗ್ಗ ಹೊಸೆಯಬೇಕು ಎಂದು ಯೋಚಿಸುತ್ತಿದ್ದಾಗ ಪೀಣ್ಯ ಬಂತು.

ಒಮ್ಮೆಲೇ ಮಾತಾಡಬಾರದಂತೆ. ಮೊದಲು ಬಾಯಿ ಮುಚ್ಚಿಕೊಂಡು, ಮೂಗಿನಿಂದ ಮೆಲ್ಲಗೆ "ಹೂಂ" ಅನ್ನಬೇಕು. ದಿನಕ್ಕೆ ಕೆಲವು ಸಲ. ಗಂಟಲು ಹಾಗೆ ಮತ್ತೆ ಕಲಿಯುತ್ತದಂತೆ.

ಏಳಕ್ಕೆ ಫೋನು ಬಂತು.

"ಊಟಾತೇನ್ರಿ?"

ಒಮ್ಮೆ ತಟ್ಟಿದೆ.

"ಡಾಕ್ಟರ್ ಏನಂದ್ರು? ಮಾತು ಬರ್ತೈತಂತೇನು?"

ಇದಕ್ಕೆ ಒಂದು ಸಲವೋ, ಎರಡು ಸಲವೋ? ಬೆರಳು ಮೇಲೆಯೇ ನಿಂತಿತು.

ಅವಳೇ ಮೆಲ್ಲಗೆ ಶುರು ಮಾಡಿದಳು: "ಇರ್ಲಿ ಬಿಡ್ರಿ. ಬರದಿದ್ರೂ ನಡೀತೈತಿ. ನಿನ್ನಿ ಕತಿ ಅರ್ಧಕ್ಕ ನಿಂತಿತ್ತು. ಕೇಳ್ರಿ. ಆಕಿ ಸೆರಗಿನ ಗಂಟು ಕಟಕೊಂಡಽ ಬಾಳ ವರ್ಷ ತಿರುಗಿದ್ಲು. ಗಂಟು ಬರಬರತಾ ವಜ್ಜಿ ಆತು. ನಡ ಬಾಗಿತು. ಒಂದಿನ ಹಿತ್ತಲದಾಗ ಒಬ್ಬಾಕೀನಽ ಕುಂತು ಆ ಗಂಟಿಗೆ ಕೈ ಹಾಕಿದ್ಲು..."

"ಹೂಂ" ಎಂದೆ.

ದೂರದಲ್ಲಿ ಅವಳ ತಾಯಿ "ಯಾರದು? ಯಾಕ ಸುಮ್ನಾದಿ?" ಎಂದು ಕೇಳಿದರು.

"ಏನಂದ್ರಿ?" ಎಂದಳು ಸಿದ್ದಕ್ಕ.

"ಹೂಂ."

ಮೂಗೇರಿಸಿದ ಸದ್ದು ಬಂತು. ಬಳೆ ಸದ್ದಾಯಿತು, ಸೆರಗಿನಿಂದ ಮುಖ ಒರೆಸಿಕೊಂಡಿರಬೇಕು. ನಾನು ಕಾದೆ. ಅವಳು ಕರೆಯುವ ಮುಂಚೆ ಹೋಗಲಿಲ್ಲ.

ಆಮೇಲೆ ಗದರುವ ದನಿ ತಂದುಕೊಂಡು, "ಹಂಗಾರ ನಡುವ ಬಾಯಿ ಹಾಕಬ್ಯಾಡ್ರಿ ಮತ್ತ, ನನಗ ಮರತು ಹೋಗ್ತೈತಿ" ಎಂದಳು. "ಎಲ್ಲಿದ್ದೆ? ಹಾಂ, ಗಂಟಿಗೆ ಕೈ ಹಾಕಿದ್ಲಾ..."

"ಹೂಂ."

"ಬಿಚ್ಚಿದ್ಲಾ..."

"ಹೂಂ" ಎಂದೆ.